ಅಪ್ಪನ ಮೊಳ

"ಇಲ್ಲಿ ಗಾರೆ ಹಚ್ಚಲ್ಲ. ನಾನೂ ಹಚ್ಚಲ್ಲ, ನನ್ನ ಮಕ್ಕಳು ಮೊಮ್ಮಕ್ಕಳೂ ಹಚ್ಚಲ್ಲ" ಎಂದು ಮೇಸ್ತ್ರಿ ಇಲಾರಿಯಾನ್ ಮಾತು ಕೊಟ್ಟದ್ದು 1936ರಲ್ಲಿ. ಆಗ ಊರಿನ ಯಹೂದಿಗಳ ಪ್ರಾರ್ಥನಾಮಂದಿರವಾದ ಸಿನಗಾಗನ್ನು ನೋಡಿಕೊಳ್ಳುತ್ತಿದ್ದವನು ಲೇಜರ್. ಬಾಗಿಲೆದುರಿನ ಗೋಡೆಗೆ ಮೊಣಕೈ ಊರಿ, ಬೆರಳ ತುದಿಯವರೆಗೆ ಅಳೆದು, ಮೊಳ ಉದ್ದ ಮೊಳ ಅಗಲದ ಚೌಕ ಬರೆಸಿದ್ದ.

"ಜೆರುಸಲೇಮಿನ ದೇವಾಲಯ ಬಿದ್ದುಹೋಗಿದೆಯಲ್ಲಪ್ಪ, ಅದರ ದುಃಖ ಮರೀಬಾರದು ಅಂತ ನಮ್ಮ ಗೋಡೆ ಪೂರ್ತಿ ನುಣ್ಣಗೆ ಇರಬಾರದು."

"ಹಾಗಾದ್ರೆ ಇದಕ್ಕೆ ಹಚ್ಚೋದು ಯಾವಾಗ, ಲೇಜರಣ್ಣ?"

"ನಾವು ಕಾಯ್ತಿರೋ ಮೆಸ್ಸೀಯ ಬಂದು ಆ ದೇವಾಲಯ ಮತ್ತೆ ಎದ್ದ ದಿನ. ಹೇಳಿಕಳಿಸ್ತೀನಿ."

ಲೇಜರನ ಎಂಟು ವರ್ಷದ ಮಗಳು ಪೆರ್ಲಾ ಪಕ್ಕದಲ್ಲೇ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದಳು.

ಅದೇ ಪೆರ್ಲಾ, ಎಪ್ಪತ್ತರ ಮುದುಕಿ, ಬಿದ್ದು ಸೊಂಟ ಮುರಿದುಕೊಂಡು ಆರು ವಾರ ಆಸ್ಪತ್ರೆಯಲ್ಲಿದ್ದು, ಇವತ್ತು ಶುಕ್ರವಾರ ಬೆಳಿಗ್ಗೆ ಕೋಲೂರಿಕೊಂಡು ಸಿನಗಾಗಿನ ಒಳಗೆ ಬಂದಳು. ಹೊಸ ಗಾರೆಯ ಹಸಿ ವಾಸನೆ. ಬಾಗಿಲೆದುರಿನ ಗೋಡೆ ಈ ತುದಿಯಿಂದ ಆ ತುದಿಗೆ ಬೆಳ್ಳಗೆ, ನುಣ್ಣಗೆ ನಿಂತಿತ್ತು. ಚೌಕ ಕಾಣಲಿಲ್ಲ.

ಇಲಾರಿಯಾನನ ಮೊಮ್ಮಗ ಗವ್ರಿಲ್ ಅಟ್ಟಣಿಗೆಯ ಮೇಲೆ ಕೂತು ಕರಣೆ ಒರೆಸುತ್ತಿದ್ದ. ಕಂಡಾಗಲೆಲ್ಲ ಕೇಳುವ ಹಾಗೆಯೇ ಕೇಳಿದ: "ಏನು ಪೆರ್ಲಮ್ಮ, ಹೇಳಿಕಳಿಸಿದ್ರಾ?"

ಪೆರ್ಲಾ ನಗಲಿಲ್ಲ. "ಮೊಳ ಎಲ್ಲಿ?"

"ರಿಪೇರಿ ನೋಡೋಕೆ ಜಿಲ್ಲೆಯಿಂದ ಇಂಜಿನಿಯರಮ್ಮ ಬಂದಿದ್ರು. ಇದೊಂದು ತೂತು ಹಾಗೇ ಬಿಟ್ಟಿದ್ದೀಯ, ಕೆಲಸ ಮುಗಿದಿಲ್ಲ, ಸಹಿ ಹಾಕಲ್ಲ ಅಂದ್ರು. ಸಹಿ ಇಲ್ದೆ ಬಾಗಿಲು ತೆಗೆಯೋ ಹಾಗಿಲ್ಲ. ನಾಳೆ ಯಾಶ್ ಪಟ್ಟಣದಿಂದ ಹತ್ತು ಜನ ಪ್ರಾರ್ಥನೆಗೆ ಬರ್ತಾರಲ್ಲ, ಬೀದೀಲಿ ನಿಲ್ಲಿಸ್ಲಾ?"

"ಇದು ನಮ್ಮ ಪದ್ಧತಿ ಅಂತ ಹೇಳೋಕೆ ಬಾಯಿ ಇರ್ಲಿಲ್ವಾ?"

"ಹೇಳ್ದೆ. ಪದ್ಧತಿ ನಕ್ಷೇಲಿ ಇಲ್ಲ ಅಂದ್ರು."

ಪೆರ್ಲಾ ಹತ್ತಿರದ ಬೆಂಚಿನ ಮೇಲೆ ಕುಸಿದಳು. ಯುದ್ಧದಲ್ಲಿ ಊರಿನ ಯಹೂದಿಗಳನ್ನೆಲ್ಲ ದ್ನೀಸ್ಟರ್ ನದಿಯಾಚೆ ಅಟ್ಟಿದಾಗ ಸಿನಗಾಗ್ ಉಪ್ಪಿನ ಗೋದಾಮಾಯಿತು. ಗೋಡೆ ರಿಪೇರಿಗೆ ಸಿಪಾಯಿಗಳು ಎಳೆದು ತಂದದ್ದು ಇಲಾರಿಯಾನನನ್ನೇ. ಅವನು ಸುತ್ತ ಹಚ್ಚಿ ಚೌಕವನ್ನು ಬಿಟ್ಟಿದ್ದ. ಲೇಜರ್ ನದಿಯಾಚೆ ಜ್ವರದಲ್ಲಿ ಸತ್ತ. ಸಾಯುವ ಮುಂಚೆ ಕೇಳಿದ್ದು ಒಂದೇ: "ಹೋದರೆ ನೋಡು ಮಗಳೇ, ಇಲಾರಿಯಾನ್ ಹಚ್ಚಿಲ್ಲ ತಾನೇ?" ಹದಿನೇಳರ ಪೆರ್ಲಾ ಒಬ್ಬಳೇ ಹಿಂತಿರುಗಿದಾಗ ತನ್ನ ಮನೆಗೆ ಹೋಗುವ ಮೊದಲು ಇಲ್ಲಿಗೆ ಬಂದು ನೋಡಿದ್ದಳು. ಬರೀ ಇಟ್ಟಿಗೆ. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಇಸ್ರೇಲಿಗೆ ಹಡಗು ಹತ್ತಿದರು. ಕೀಲಿಕೈ ಇವಳಲ್ಲಿ ಉಳಿಯಿತು. ಉಪ್ಪು ತಿಂದ ಗಾರೆ ಐವತ್ತು ವರ್ಷ ಉದುರುತ್ತಲೇ ಇತ್ತು. ಗಾರೆಯೇ ಇಲ್ಲದ ಚೌಕದಲ್ಲಿ ಉದುರಲು ಏನೂ ಇರಲಿಲ್ಲ.

"ಬೇಕಾದ್ರೆ ಕೆತ್ತಿ ತೆಗೀತೀನಿ," ಎಂದ ಗವ್ರಿಲ್.

"ಕೆತ್ತಿ ತೆಗೆದದ್ದು ಬೇರೆ, ಹಚ್ಚದೇ ಬಿಟ್ಟದ್ದು ಬೇರೆ." ಪೆರ್ಲಾ ಕೋಲನ್ನು ನೆಲಕ್ಕೆ ಕುಟ್ಟಿದಳು. "ನಿಮ್ಮಜ್ಜ ಬಂದೂಕಿಗೆ ಬಗ್ಗಲಿಲ್ಲ ಕಣೋ. ನೀನು ಒಂದು ಪೆನ್ನಿಗೆ ಬಗ್ಗಿಬಿಟ್ಟೆ."

ಗವ್ರಿಲ್ ಅಟ್ಟಣಿಗೆಯಿಂದ ಇಳಿದ. "ಬೈದದ್ದು ಮುಗೀತಾ, ಇನ್ನೂ ಇದೆಯಾ?"

"ಇದೆ."

"ಇಟ್ಕೊಂಡಿರಿ." ಕರಣೆಯ ಮೂತಿಯನ್ನು ಗೋಡೆಗೆ ಒತ್ತಿ ಮೆಲ್ಲಗೆ ಮೀಟಿದ. ಬಿಳಿ ಗೋಡೆಯಲ್ಲಿ ಕೂದಲೆಳೆಯಂಥ ಗೆರೆ ಮೂಡಿತು. ಇನ್ನೊಂದು ಕಡೆ ಮೀಟಿದ. ಡಬ್ಬಿಯ ಮುಚ್ಚಳ ಬಂದ ಹಾಗೆ ಇಡೀ ಚೌಕ ಕೈಗೆ ಬಂತು. ಒಂದು ಹಲಗೆ, ಅದರ ಮೇಲೆ ತೆಳುವಾಗಿ ಗಾರೆ, ಹಿಂದೆ ಕುರಿಚರ್ಮದ ತುಂಡು.

"ಬಡಿದು ನೋಡ್ತಾರೆ ಅಂತ ಗೊತ್ತಿತ್ತು. ಟೊಳ್ಳು ಸದ್ದು ಬರಬಾರದಲ್ಲ. ನಮ್ಮಪ್ಪನ ಚಳಿಗಾಲದ ಕೋಟು ಹೋಯ್ತು."

"ಸಹಿ?"

ಗವ್ರಿಲ್ ಅಂಗಿಯ ಜೇಬು ತಟ್ಟಿದ. "ಬೆಳಿಗ್ಗೆ ಎಂಟಕ್ಕೇ."

"ಮೊದಲೇ ಹೇಳೋಕೆ ಏನಾಗಿತ್ತೋ, ಕತ್ತೆ?"

"ಇಂಜಿನಿಯರಮ್ಮನ ಹತ್ರ ಬೈಸಿಕೊಂಡಿದ್ದೆ. ನಿಮ್ಮದು ಇನ್ನೂ ಚೆನ್ನಾಗಿರುತ್ತೆ ಅನ್ನಿಸ್ತು."

ಪೆರ್ಲಾಳಿಗೆ ನಗು ಬಂತು, ನಗುತ್ತಲೇ ತಲೆವಸ್ತ್ರದ ತುದಿಯಲ್ಲಿ ಕಣ್ಣು ಒರೆಸಿಕೊಂಡಳು. ಎದ್ದು, ಕೋಲನ್ನು ಗವ್ರಿಲನ ಕೈಗೆ ಕೊಟ್ಟು, ಚೌಕದ ಅಂಚಿಗೆ ಮೊಣಕೈ ಊರಿ, ತಣ್ಣನೆಯ ಇಟ್ಟಿಗೆಗಳ ಮೇಲೆ ಕೈ ಚಾಚಿದಳು. ಬೆರಳ ತುದಿಯ ಆಚೆ ಇನ್ನೂ ಇಟ್ಟಿಗೆ ಉಳಿದಿತ್ತು.

ಅಪ್ಪನ ಮೊಳ ಅವಳದಕ್ಕಿಂತ ನಾಲ್ಕು ಬೆರಳು ಉದ್ದ. ಅರವತ್ತೆರಡು ವರ್ಷವಾಗಿತ್ತು. ಆ ಇಟ್ಟಿಗೆಗೆ ಗಾರೆ ತಾಕಿರಲಿಲ್ಲ.