ನಿಂಬೆಹಣ್ಣು ತುಳಿಯದ ಬಸ್ಸು

ಡ್ರೈವರುಗಳೇ ಇಲ್ಲದ ಕಾಲವದು. ಆದರೂ ತುಂಬು ಬಸುರಿ ಮಗಳನ್ನು ಹೆರಿಗೆಗೆಂದು ತಾನೇ ಓಡುವ ಬಸ್ಸಿನಲ್ಲಿ ಕರೆದೊಯ್ಯಲು ಸಾವಂತ್ರವ್ವನ ಮನಸ್ಸು ಒಪ್ಪುತ್ತಿರಲಿಲ್ಲ.

“ಕರುಳಿಲ್ಲದ ಗಾಡಿ, ಹೆಂಗ ನಂಬಲೋ?”

“ಎತ್ತಿನ ಗಾಡ್ಯಾಗ ಹೋದ್ರ ದಾರ್ಯಾಗ ತೊಟ್ಟಿಲ ಕಟ್ಟಬೇಕಾಗತೈತಿ, ಅಕ್ಕಾ,” ಎಂದು ತಮ್ಮ ಮಲ್ಲೇಶಿ ನಕ್ಕ.

ಆಕೆ ದೇವರ ಹೆಸರು ಹೇಳಿ, ಪದ್ಧತಿಯಂತೆ ಮುಂದಿನ ಗಾಲಿಗೆ ನಿಂಬೆಹಣ್ಣಿಟ್ಟು ಹತ್ತಿದಳು. ಬಸ್ಸು ಕದಲಲಿಲ್ಲ.

“ಗಾಲಿಯ ಮುಂದೆ ಏನೋ ಇದೆ. ತುಳಿಯಲಾರೆ,” ಎಂದಿತು.

“ಹಣ್ಣು ತುಳೀಲಿಲ್ಲಂದ್ರ ಅಪಶಕುನ,” ಎಂದು ಒಳಗಿದ್ದವರು ಗೊಣಗಿದರು.

ಸಾವಂತ್ರವ್ವ ಇಳಿದು ಹಣ್ಣನ್ನು ಎತ್ತಿಕೊಂಡಳು. ಅವಳ ಎದೆಯ ಭಾರವೂ ಇಳಿದಿತ್ತು.

“ನಿಂಬಿಹಣ್ಣಿಗೂ ನೋವು ಮಾಡಾಕ ಒಲ್ಲದ್ದು, ನನ್ನ ಮಗಳನ್ನ ಜ್ವಾಕಿಯಿಂದ ಒಯ್ತೈತಿ ಬಿಡ್ರಿ.”

ಹಣ್ಣನ್ನು ಮಗಳ ಉಡಿಗೆ ಹಾಕಿ, ಡ್ರೈವರು ಕೂರಬೇಕಾಗಿದ್ದ ಜಾಗಕ್ಕೆ ಕೈಮುಗಿದು ಕೂತಳು. ಬಸ್ಸು ಸದ್ದಿಲ್ಲದೆ ಹೊರಟಿತು.