ಮಾತ್ರೆ ಸಾಹುಕಾರನ ದಾನ

ನಮ್ಮ ಡಯಾಲಿಸಿಸ್ ಕೇಂದ್ರ ಒಮ್ಮೆ ಸೂರ್ಯನ ಬಿಸಿಲನ್ನೇ ವಾಪಸು ಕಳಿಸಿದೆ. ನಮ್ಮ ಕಿಟಕಿಗೆ ಬರುವ ಮೊದಲು ಅದು ಎದುರಿನ ಹೆಂಡದಂಗಡಿಯ ಮೇಲೆ ಬಿದ್ದು ಬಂದಿತ್ತು. ಸೂರ್ಯ ಮುಖ ಸಣ್ಣದು ಮಾಡಿಕೊಂಡು ಹಿಂತಿರುಗಿದ. ಅಂಥ ಧರ್ಮಸಂಸ್ಥೆ ನಮ್ಮದು. ಕಂಡಕಂಡವರ ದುಡ್ಡು ಮುಟ್ಟುವ ಪೈಕಿ ಅಲ್ಲ.

ಅದಕ್ಕೊಂದು ಪದ್ಧತಿಯಿದೆ. ದಾನ ಕೊಡುವವನು ವಾರ್ಡಿನ ನಡುವೆ ನಿಂತು, ತಾನು ಏನು ಮಾಡಿ ಸಂಪಾದಿಸಿದೆ ಎಂದು ತನ್ನ ಬಾಯಿಂದಲೇ ಹೇಳಬೇಕು. ಕೇಳಿದ ರೋಗಿಗಳಲ್ಲಿ ಒಬ್ಬರು ಕೈ ಎತ್ತಿದರೂ ದಾನ ವಾಪಸು. ಕಾರಣ ಕೇಳುವಂತಿಲ್ಲ.

ಮಾತ್ರೆ ಸಾಹುಕಾರ ಬಂದದ್ದು ನಮ್ಮ ಕೆಟ್ಟ ಕಾಲದಲ್ಲಿ. ಯಂತ್ರಗಳು ಒಂದೊಂದಾಗಿ ಕೆಟ್ಟು ಎರಡೇ ಉಳಿದಿದ್ದವು. ಸರದಿ ತಪ್ಪಿದವರ ಕಾಲುಗಳು ಕಂಬದಂತೆ ಊದುತ್ತಿದ್ದವು. ಮಲಗಿದರೆ ಉಸಿರು ಸಿಗದೆ ಕೂತೇ ರಾತ್ರಿ ಕಳೆಯುತ್ತಿದ್ದೆವು. ಎಲ್ಲರಿಗಿಂತ ಕಷ್ಟ ಕಿಟಕಿ ಪಕ್ಕದ ಹುಡುಗಿಯದು. ಅವಳ ಮುಖ ಬಾತು ಕಣ್ಣು ಬರೀ ಗೆರೆಯಾಗಿತ್ತು. ಒಬ್ಬಳೇ ಬಂದು ಸೇರಿದವಳು. ಕಿಡ್ನಿ ಹೇಗೆ ಹೋಯಿತೆಂದು ಕೇಳಿದಾಗ, ನಮ್ಮೆಲ್ಲರ ಹಾಗೆ ಅದೇ ನೋವಿನ ಮಾತ್ರೆಯಿಂದ ಎಂದಿದ್ದಳು.

"ನಮ್ಮನೇಲಿ ಅದಕ್ಕೇನೂ ಬರ ಇರ್ಲಿಲ್ಲ ತಾತ."

ಅಪ್ಪನ ಮಾತು ಬಂದರೆ, ಇಲ್ಲ ಎಂದಷ್ಟೇ ಹೇಳಿ ಮಗ್ಗುಲು ಬದಲಿಸುತ್ತಿದ್ದಳು.

ಕೇಂದ್ರ ನಡೆಸುವ ದೊಡ್ಡಮ್ಮ ಸಾಹುಕಾರನನ್ನು ಒಳಗೆ ಕರೆತಂದಾಗ ಅವರ ಮುಖ ಬಿಳಿಚಿಕೊಂಡಿತ್ತು. ಹೊರಗೆ ಲಾರಿ ತುಂಬ ಹೊಸ ಯಂತ್ರಗಳು. ಇದೂ ಕೈತಪ್ಪಿದರೆ ಬಾಗಿಲು ಹಾಕುವುದೊಂದೇ ದಾರಿ ಎಂದು ದೊಡ್ಡಮ್ಮ ಬೆಳಿಗ್ಗೆಯೇ ಒಂದೊಂದು ಹಾಸಿಗೆಗೂ ಹೋಗಿ ಹೇಳಿದ್ದರು. ಪದ್ಧತಿ ಮಾತ್ರ ಬಿಡುವಂತಿಲ್ಲ.

ಸಾಹುಕಾರ ತಲೆ ತಗ್ಗಿಸಿ ನಿಂತ. ಹೆಸರು ಹಾಕಬೇಡಿ, ಫೋಟೊ ಬೇಡ, ಸನ್ಮಾನ ಬೇಡ ಎಂದ. ಮೊದಲ ಯಂತ್ರವನ್ನು ಮಾತ್ರ ಕಿಟಕಿ ಪಕ್ಕ ಇಡಿ, ಅಲ್ಲಿ ಬೆಳಕು ಚೆನ್ನಾಗಿದೆ ಎಂದ. ಹುಡುಗಿ ಅಷ್ಟು ಹೊತ್ತಿಗೆ ಗೋಡೆಗೆ ಮುಖ ಮಾಡಿದ್ದಳು. ಅವನು ಕೈಮುಗಿದ.

"ನೀವು ನುಂಗಿದ್ದು ನನ್ನ ಕಾರ್ಖಾನೆ ಮಾತ್ರೆ. ಕಿಡ್ನಿ ಹಾಳು ಮಾಡುತ್ತೆ ಅಂತ ಗೊತ್ತಾದ ಮೇಲೂ ಮಾರ್ದೆ."

ಆಗ ನೋಡಬೇಕಿತ್ತು ನಮ್ಮ ವಾರ್ಡನ್ನು. ಅಷ್ಟೂ ಕೈಗಳು ಒಟ್ಟಿಗೆ ಮೇಲೆದ್ದವು. ಎದ್ದ ರಭಸಕ್ಕೆ ಸೂರು ಮೊಳದೆತ್ತರ ಹಾರಿ ಮತ್ತೆ ಸ್ವಸ್ಥಾನದಲ್ಲಿ ಕೂತಿತು. ಎಲ್ಲಕ್ಕಿಂತ ಮೇಲಿದ್ದದ್ದು ನನ್ನ ಕೈ. ಆಕಾಶದಲ್ಲಿ ಹೋಗುತ್ತಿದ್ದ ಹದ್ದೊಂದು ಅದರ ಮೇಲೆ ಕೂತು ದಣಿವಾರಿಸಿಕೊಂಡಿತು. ಸತ್ತರೂ ಸರಿ, ನಿನ್ನ ದುಡ್ಡು ಬೇಡ ಎಂದೆವು. ಲಾರಿ ಬಂದ ದಾರಿ ಹಿಡಿಯಿತು.

ಇಷ್ಟು ಹೇಳುವಷ್ಟರಲ್ಲಿ, ನನ್ನ ತೋಳಿಗೆ ಸೂಜಿ ಚುಚ್ಚುತ್ತಿದ್ದ ನರ್ಸಮ್ಮ ತಲೆ ಎತ್ತಿದಳು.

"ಲಾರಿ ವಾಪಸು ಹೋಯ್ತಾ ತಾತ? ಹಾಗಾದ್ರೆ ಈ ಪೈಪು ಯಾವ ಮಿಷನ್ನಿಗೆ ಹಾಕ್ಲಿ?"

ಸಿಕ್ಕಿಬಿದ್ದೆ. ಇನ್ನು ನಿಜವನ್ನೇ ಹೇಳುತ್ತೇನೆ. ಅವತ್ತು ಎದ್ದದ್ದು ಒಂದೇ ಕೈ, ಕಿಟಕಿ ಪಕ್ಕದ ಹುಡುಗಿಯದು. ಪಕ್ಕದ ಹಾಸಿಗೆಯಲ್ಲಿದ್ದ ನಾನು ಅದನ್ನು ಹಿಡಿದೆಳೆದು ನನ್ನ ಹೊದಿಕೆಯೊಳಗೆ ಅದುಮಿಟ್ಟುಕೊಂಡೆ. ಅವಳು ಪರಚಿದಳು, ನಾನು ಬಿಡಲಿಲ್ಲ. ದೊಡ್ಡಮ್ಮ ಗೋಡೆ ನೋಡುತ್ತ ನಿಂತರು. ಸಾಹುಕಾರ ಮಾತ್ರ ಕಂಡುಬಿಟ್ಟ. ನೇರ ನಮ್ಮ ಬಳಿ ಬಂದು ಮಂಡಿಯೂರಿದ. ಮುಗಿಯಿತು, ಕೈ ಬಿಡಿಸುತ್ತಾನೆ ಅಂದುಕೊಂಡೆ.

"ಬಿಡಬೇಡಿ ಯಜಮಾನ್ರೇ, ಗಟ್ಟಿಯಾಗಿ ಹಿಡ್ಕೊಳ್ಳಿ," ಅಂದ. "ನನ್ನ ಮಗಳು ಅವಳು."