ಫಕ್ಕೀರೇಶನ ಕೈಮಾತು

ಕಿವಿ ಕೇಳದ ಫಕ್ಕೀರೇಶ ಬಣ್ಣದ ಕಾರ್ಖಾನೆಯ ತೊಟ್ಟಿ ತೊಳೆಯಲು ಇಳಿದು, ವಿಷಗಾಳಿಗೆ ಸಿಕ್ಕಿ ಸತ್ತಿದ್ದ. ಅಂದು ಬೆಳಿಗ್ಗೆ ಅವನು ಕೈಸನ್ನೆ ಮಾಡಿ ಕಳಿಸಿದ್ದ ವಿಡಿಯೊವನ್ನು ತಾಯಿ ತಿಪ್ಪವ್ವ ದಿನವೂ ನೋಡುತ್ತಿದ್ದಳು. ಮಗನ ಭಾಷೆ ಅವಳಿಗೆ ಎಂದೂ ಬಂದಿರಲಿಲ್ಲ. ಆರಾಮಿದ್ದೇನೆ ಅನ್ನುತ್ತಿರಬೇಕು ಎಂದುಕೊಂಡಿದ್ದಳು. ಆದರೆ ಕಣ್ಣು ಮುಚ್ಚಿದರೂ ಆ ಕೈಗಳು ಆಡುತ್ತಲೇ ಇದ್ದವು. ಕಡೆಗೆ ಅವನು ಕಲಿತಿದ್ದ ಕಿವುಡರ ಶಾಲೆಗೆ ಹೋಗಿ, ಟೀಚರಮ್ಮನ ಕೈಗೆ ಫೋನ್ ಕೊಟ್ಟಳು.

“ಏನಂತಾನ್ರೀ ನನ್ನ ಮಗ?”

ನೋಡುತ್ತಾ ನೋಡುತ್ತಾ ಟೀಚರಮ್ಮನ ಮುಖ ಬಿಳಿಚಿತು. “‘ತೊಟ್ಟ್ಯಾಗ ಉಸಿರು ಕಟ್ಟತೈತಿ ಅಂದ್ರ ಇಲ್ಲಿ ಯಾರಿಗೂ ತಿಳೀವಲ್ದು. ಇಳೀಲೋ ಬ್ಯಾಡೋ, ನೀನ ಹೇಳವ್ವ’ ಅಂತ ಕೇಳ್ಯಾನ.”

ಆಮೇಲೆ ಮೆಲ್ಲಗೆ ಅಂದರು, “ತಿರುಗಿ ನೀವೇನು ಕಳಿಸಿದ್ರಿ?”

ತಿಪ್ಪವ್ವ ಹೆಬ್ಬೆರಳು ಎತ್ತಿ ತೋರಿಸಿದಳು.